ಚೀನೀಯರ ಮನೆಯೂಟ: ಒಲೆಗಿಂತ ಮೊದಲು ಚಾಕುವಿನ ಕೆಲಸ

2017ರ ನವೆಂಬರ್‌ನಲ್ಲಿ ಚೀನಾದ ಬ್ಯಾಂಕೊಂದರ ಜಾಹೀರಾತು ಚಿತ್ರವು ಆ ದೇಶದ ಅಂತರ್ಜಾಲದಲ್ಲಿ ಭಾರೀ ಚರ್ಚೆಗೆ ಕಾರಣವಾಯಿತು. ಓದಲೆಂದು ಅಮೆರಿಕಕ್ಕೆ ತೆರಳಿದ ಯುವಕನೊಬ್ಬ ಹೊಸ ಗೆಳೆಯರಿಗಾಗಿ ಟೊಮೆಟೊ-ಮೊಟ್ಟೆಯ ಖಾದ್ಯ ಮಾಡಲು ಹೊರಡುತ್ತಾನೆ. ಬಾಣಲೆಗೆ ಮೊದಲು ಬೀಳಬೇಕಾದದ್ದು ಟೊಮೆಟೊವೋ ಮೊಟ್ಟೆಯೋ ತಿಳಿಯದು. ತಾಯಿಗೆ ಸಂದೇಶ ಕಳುಹಿಸುತ್ತಾನೆ. ತಾಯಿ ಬಾಯಿಮಾತಿನಲ್ಲಿ ವಿವರಿಸಿದರೂ ಅರ್ಥವಾಗದಿದ್ದಾಗ ಅಪ್ಪ ಅಮ್ಮ ಇಬ್ಬರೂ ಅಡುಗೆಮನೆಗೆ ಹೋಗಿ, ಮಾಡಿ ತೋರಿಸಿ, ಚಿತ್ರೀಕರಿಸಿ ಕಳುಹಿಸುತ್ತಾರೆ. ಊಟ ಮುಗಿದ ಮೇಲಷ್ಟೇ ಮಗನಿಗೆ ಹೊಳೆಯುತ್ತದೆ, ಆಗ ಚೀನಾದಲ್ಲಿ ಬೆಳಗಿನ ಜಾವ ನಾಲ್ಕು ಗಂಟೆ ಎಂಬುದು. ಚಿತ್ರವನ್ನು ನೋಡಿ ಕಣ್ಣೀರು ಹಾಕಿದವರಿದ್ದರು. ಅಷ್ಟು ಬೆಳೆದ ಹುಡುಗನಿಗೆ ಒಂದು ಮೊಟ್ಟೆ ಹುರಿಯಲು ಬಾರದೇ ಎಂದು ಮೂಗು ಮುರಿದವರೂ ಇದ್ದರು.

ನೂರಾರು ಬಗೆಯ ಖಾದ್ಯಗಳುಳ್ಳ ದೇಶದಲ್ಲಿ ಜಾಹೀರಾತಿನವರು ಇದೊಂದನ್ನೇ ಆರಿಸಿಕೊಂಡದ್ದು ಆಕಸ್ಮಿಕವಲ್ಲ. ಚೀನಾದ ಮಕ್ಕಳು ಸಾಮಾನ್ಯವಾಗಿ ಮೊದಲು ಕಲಿಯುವ ಅಡುಗೆ ಇದು. ಹೋಟೆಲಿನ ಊಟದ ಪಟ್ಟಿಯಲ್ಲಿ ಇದಕ್ಕೆ ದೊಡ್ಡ ಸ್ಥಾನವಿಲ್ಲ. ಮನೆಯಲ್ಲಿ ಮಾತ್ರ ವಾರಕ್ಕೆರಡು ಬಾರಿಯಾದರೂ ಹಾಜರಾಗುತ್ತದೆ. ಇಂಥ ಅಡುಗೆಗಳಿಗೆ ಚೀನೀ ಭಾಷೆಯಲ್ಲಿ ‘ಜಿಯಾಛಾಂಗ್ ತ್ಸಾಯ್’ ಎಂಬ ಹೆಸರುಂಟು. ಮನೆಯಲ್ಲಿ ನಿತ್ಯ ಮಾಡುವ ಖಾದ್ಯ ಎಂದು ಇದರ ಅರ್ಥ.

ಕರ್ನಾಟಕದ ನಗರಗಳಲ್ಲಿ ‘ಚೈನೀಸ್’ ಎಂದೊಡನೆ ಕಣ್ಣಿಗೆ ಕಟ್ಟುವುದು ಬೇರೆಯೇ ಚಿತ್ರ. ಅದು ಸಂಜೆಯ ತಳ್ಳುಗಾಡಿ ಮತ್ತು ಕೆಂಪಗೆ ಹೊಳೆಯುವ ಗೋಬಿ ಮಂಚೂರಿ. ಈ ತಿನಿಸು ಚೀನಾದ್ದಲ್ಲ. 18ನೇ ಶತಮಾನದ ಕೊನೆಯಿಂದ ಕಲ್ಕತ್ತೆಯಲ್ಲಿ ನೆಲೆಸತೊಡಗಿದ ಚೀನೀಯರ, ಅದರಲ್ಲೂ ಹಕ್ಕಾ ಸಮುದಾಯದವರ ಕೈಯಡುಗೆಯು ಭಾರತದ ಖಾರ-ಮಸಾಲೆಯೊಡನೆ ಬೆರೆತು ಬೆಳೆದ ಪಾಕದ ಕೂಸು ಅದು. ‘ಮಂಚೂರಿಯನ್’ ಎಂಬುದನ್ನು 1975ರ ಸುಮಾರಿಗೆ ಮುಂಬೈಯಲ್ಲಿ ಮೊದಲು ಮಾಡಿದವರು ಕಲ್ಕತ್ತೆ ಮೂಲದ ಬಾಣಸಿಗ ನೆಲ್ಸನ್ ವಾಂಗ್ ಎಂದು ಹೇಳಲಾಗುತ್ತದೆ. ಅವರು ಬಳಸಿದ್ದು ಕೋಳಿಮಾಂಸ; ಹೂಕೋಸು ಬಂದದ್ದು ಆಮೇಲೆ. ರುಚಿಯ ಮಾತು ಹಾಗಿರಲಿ, 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರವು ಗೋಬಿ ಮಂಚೂರಿಗೆ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಬೇಕಾಗಿ ಬಂತು. ಪರೀಕ್ಷೆಗೆ ಒಳಪಡಿಸಿದ 171 ಮಾದರಿಗಳ ಪೈಕಿ 107ರಲ್ಲಿ ಅಸುರಕ್ಷಿತ ಬಣ್ಣಗಳು ಕಂಡುಬಂದಿದ್ದವು. ಇದರಿಂದಾಗಿ ಚೀನೀ ಅಡುಗೆಯೆಂದರೆ ಎಣ್ಣೆ, ಬಣ್ಣ, ಬಾಟಲಿಯ ಸಾಸು ಎಂಬ ಭಾವನೆ ಅನೇಕರಲ್ಲಿ ಬೇರೂರಿದೆ. ಚೀನೀಯರ ಮನೆಯ ಒಲೆಯ ಮೇಲೆ ನಡೆಯುವುದು ಇದಕ್ಕೆ ತೀರಾ ವಿರುದ್ಧವಾದದ್ದು.

ಅನ್ನ ಮತ್ತು ಅದರ ಸಂಗಾತಿ

ಚೀನೀಯರ ಊಟವು ‘ಫಾನ್’ ಮತ್ತು ‘ತ್ಸಾಯ್’ ಎಂಬ ಎರಡು ಪದಗಳ ಮೇಲೆ ನಿಂತಿದೆ. ಫಾನ್ ಎಂದರೆ ಬೇಯಿಸಿದ ಧಾನ್ಯ. ಅದುವೇ ಊಟದ ಪ್ರಧಾನ ಭಾಗ. ತ್ಸಾಯ್ ಎಂದರೆ ಅದರೊಡನೆ ನಂಜಿಕೊಳ್ಳುವ ತರಕಾರಿ, ಮೊಟ್ಟೆ, ಮೀನು, ಮಾಂಸಗಳ ಖಾದ್ಯ. ದಕ್ಷಿಣ ಚೀನಾದಲ್ಲಿ ಫಾನ್ ಎಂದರೆ ಅಕ್ಕಿಯ ಅನ್ನ. ಛಿನ್‌ಲಿಂಗ್ ಪರ್ವತ ಮತ್ತು ಹುವಾಯ್ ನದಿಯ ಗೆರೆಯನ್ನು ದಾಟಿ ಉತ್ತರಕ್ಕೆ ಹೋದರೆ ಗೋಧಿಯ ಶ್ಯಾವಿಗೆ, ಹಬೆಯಲ್ಲಿ ಬೇಯಿಸಿದ ಬನ್ನು, ಕಡುಬಿನಂಥ ತಿನಿಸುಗಳು ಆ ಜಾಗವನ್ನು ತುಂಬುತ್ತವೆ. ಭೇಟಿಯಾದಾಗ ‘ಊಟವಾಯಿತೇ’ ಎಂದು ಕೇಳುವ ರೂಢಿ ಕನ್ನಡಿಗರಲ್ಲಿರುವಂತೆ ಅಲ್ಲಿಯೂ ಇದೆ. ಆ ಪ್ರಶ್ನೆಯಲ್ಲಿಯೂ ಊಟಕ್ಕೆ ಬಳಕೆಯಾಗುವ ಪದ ಫಾನ್ ಎಂಬುದೇ.

ಈ ವಿಂಗಡಣೆಯನ್ನು ಅರಿತರೆ ಅರ್ಧ ಗೊಂದಲ ಕಳೆಯುತ್ತದೆ. ನಮ್ಮ ನಗರಗಳಲ್ಲಿ ಒಂದು ತಟ್ಟೆ ಫ್ರೈಡ್ ರೈಸ್, ಅದರ ಮೇಲೊಂದಿಷ್ಟು ಗ್ರೇವಿ ಎಂಬುದೇ ಚೀನೀ ಊಟ. ಅಲ್ಲಿಯ ಮನೆಗಳಲ್ಲಿ ಉಪ್ಪು, ಎಣ್ಣೆ ಏನೂ ಇಲ್ಲದ ಬಿಳಿ ಅನ್ನ ಪ್ರತಿಯೊಬ್ಬರ ಬಟ್ಟಲಿನಲ್ಲಿರುತ್ತದೆ. ಮೇಜಿನ ನಡುವೆ ಎರಡೋ ಮೂರೋ ಖಾದ್ಯಗಳು, ಒಂದು ತೆಳು ಸಾರು. ಎಲ್ಲರೂ ಅವುಗಳಿಂದಲೇ ಸ್ವಲ್ಪ ಸ್ವಲ್ಪ ತೆಗೆದುಕೊಳ್ಳುತ್ತಾರೆ. ಖಾದ್ಯವನ್ನು ಬರಿದೇ ತಿಂದರೆ ತುಸು ಉಪ್ಪೆನಿಸಬಹುದು, ಅನ್ನದೊಡನೆ ಸರಿಹೋಗುತ್ತದೆ. ಪಲ್ಯವನ್ನು ಅನ್ನದೊಡನೆ ಉಣ್ಣುವವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಮಾಂಸವೂ ಇಲ್ಲಿ ಒಂದು ವ್ಯಂಜನದಂತೆಯೇ ಬಳಕೆಯಾಗುತ್ತದೆ. 150 ಗ್ರಾಂ ಮಾಂಸವನ್ನು ಎಳೆಎಳೆಯಾಗಿ ಹೆಚ್ಚಿ ದೊಣ್ಣೆ ಮೆಣಸಿನಕಾಯಿಯೊಡನೆ ಹುರಿದರೆ ನಾಲ್ವರ ಊಟಕ್ಕೆ ಸಾಕಾಗುತ್ತದೆ.

ಎಲ್ಲವನ್ನೂ ಹೆಚ್ಚಿಟ್ಟ ಮೇಲೆಯೇ ಬೆಂಕಿ

ಚೀನೀ ಮನೆಯಡುಗೆಯ ಮುಖ್ಯ ಕ್ರಮ ‘ಛಾವ್’. ಕಾದ ಎಣ್ಣೆಯಲ್ಲಿ ಪದಾರ್ಥವನ್ನು ಬಿಡದೆ ಕೈಯಾಡಿಸುತ್ತ ಕೆಲವೇ ನಿಮಿಷಗಳಲ್ಲಿ ಹುರಿದು ಇಳಿಸುವ ಕ್ರಮವಿದು. ಇದಕ್ಕೆ ಇಂಗ್ಲಿಷಿನಲ್ಲಿ ‘ಸ್ಟರ್ ಫ್ರೈ’ ಎಂಬ ಹೆಸರು ಚಾಲ್ತಿಗೆ ಬಂದದ್ದು 1945ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಹೌ ಟು ಕುಕ್ ಅಂಡ್ ಈಟ್ ಇನ್ ಚೈನೀಸ್’ ಎಂಬ ಪುಸ್ತಕದಿಂದ. ಬರೆದಾಕೆ ಬುವೆಯ್ ಯಾಂಗ್ ಚಾವ್, ಜಪಾನಿನಲ್ಲಿ ಓದಿದ ವೈದ್ಯೆ. ಪತಿ ಯುವೆನ್ ರೆನ್ ಚಾವ್ ಹೆಸರಾಂತ ಭಾಷಾವಿಜ್ಞಾನಿ. ಇಂಗ್ಲಿಷ್ ರೂಪದ ಹಿಂದೆ ಪತಿ ಮತ್ತು ಮಗಳ ಕೈಯಿತ್ತು. ಅಡುಗೆಯ ಪುಸ್ತಕಕ್ಕೆ ಭಾಷಾವಿಜ್ಞಾನಿಯ ನೆರವು ದೊರೆತದ್ದರಿಂದಲೋ ಏನೋ, ಆ ಪದ ನಿಘಂಟನ್ನೇ ಸೇರಿತು.

ಹೀಗೆ ಹುರಿಯುವ ಅಡುಗೆಯಲ್ಲಿ ಒಲೆಯ ಕೆಲಸ ಮೂರು ನಿಮಿಷವಾದರೆ ಹಲಗೆಯ ಮೇಲಿನ ಕೆಲಸ ಹದಿನೈದು ನಿಮಿಷ. ಪದಾರ್ಥಗಳೆಲ್ಲ ಒಂದೇ ಅಳತೆಯಲ್ಲಿ, ತೆಳುವಾಗಿ ಇದ್ದರೆ ಮಾತ್ರ ಅಷ್ಟು ಕಡಿಮೆ ಸಮಯದಲ್ಲಿ ಒಟ್ಟಿಗೆ ಬೇಯುತ್ತವೆ. ಸೌದೆಯ ಅಭಾವವಿದ್ದ ಪ್ರದೇಶಗಳಲ್ಲಿ ಉರಿಯನ್ನು ಉಳಿಸಲು ಈ ಪದ್ಧತಿ ಬೆಳೆಯಿತೆಂಬ ವಿವರಣೆಯನ್ನು ಹಲವರು ಕೊಡುತ್ತಾರೆ. ಕಡ್ಡಿಗಳಿಂದ ತಿನ್ನುವವರಿಗೆ ಊಟದ ಮೇಜಿನಲ್ಲಿ ಚಾಕು ಬೇಡವಾಗುವುದಕ್ಕೂ ಈ ಹೆಚ್ಚುವಿಕೆಯೇ ಕಾರಣ. ಆದ್ದರಿಂದ ಬೆಳ್ಳುಳ್ಳಿ, ತರಕಾರಿ, ಉಪ್ಪು, ಸಾಸು ಎಲ್ಲವೂ ಕೈಗೆಟಕುವಂತೆ ಸಿದ್ಧವಾಗುವವರೆಗೆ ಒಲೆ ಹಚ್ಚುವುದು ಸಲ್ಲದು. ಒಗ್ಗರಣೆ ಸಿಡಿಯುವಾಗ ಈರುಳ್ಳಿ ಹೆಚ್ಚುತ್ತ ಕೂರುವ ಅಭ್ಯಾಸವುಳ್ಳವರು ಮೊದಲು ತಿದ್ದಿಕೊಳ್ಳಬೇಕಾದದ್ದು ಇದನ್ನೇ.

ಬಾಣಲೆಯ ಬಗ್ಗೆ ಒಂದು ಮಾತು. ನಮ್ಮ ಮನೆಗಳ ದುಂಡು ತಳದ ಕಬ್ಬಿಣದ ಬಾಣಲೆ ಈ ಕೆಲಸಕ್ಕೆ ಧಾರಾಳವಾಗಿ ಒದಗುತ್ತದೆ. ಹೋಟೆಲುಗಳ ಒಲೆಯ ಉರಿ ಮನೆಯ ಗ್ಯಾಸ್ ಒಲೆಗಿಂತ ಎಷ್ಟೋ ಪಟ್ಟು ಜೋರು. ಅಲ್ಲಿಯ ಹೊಗೆಗಂಪು ಮನೆಯಲ್ಲಿ ಬರಲಾರದು, ಬರಬೇಕಾದ ಅಗತ್ಯವೂ ಇಲ್ಲ. ಬಾಣಲೆಯನ್ನು ಚೆನ್ನಾಗಿ ಕಾಯಿಸಿ, ಒಮ್ಮೆಗೆ ಇಬ್ಬರಿಗೋ ಮೂವರಿಗೋ ಆಗುವಷ್ಟನ್ನು ಮಾತ್ರ ಹಾಕಿದರಾಯಿತು. ಬಾಣಲೆ ತುಂಬ ಸುರಿದರೆ ಕಾವು ಇಳಿದು, ತರಕಾರಿ ನೀರು ಬಿಟ್ಟುಕೊಂಡು, ಹುರಿಯುವ ಬದಲು ಬೇಯತೊಡಗುತ್ತದೆ.

ಸೀಮೆಯಿಂದ ಬಂದ ಬದನೆ

ಟೊಮೆಟೊ ಚೀನಾದ ಮೂಲದ್ದಲ್ಲ. ಅಮೆರಿಕ ಖಂಡದಿಂದ ಹೊರಟು ಅಲ್ಲಿಗೆ ತಲುಪಿದ ಈ ಹಣ್ಣು ಮನೆಮನೆಯ ಅಡುಗೆಗೆ ಒಗ್ಗಿದ್ದು 20ನೇ ಶತಮಾನದಲ್ಲಿ. ಅದರ ಚೀನೀ ಹೆಸರುಗಳಲ್ಲೊಂದಾದ ‘ಫಾನ್‌ಛಿಯೆ’ಯ ಅರ್ಥ ಪರದೇಶದ ಬದನೆ ಎಂದು. ಹೊರಗಿನಿಂದ ಬಂದದ್ದಕ್ಕೆಲ್ಲ ‘ಸೀಮೆ’ ಎಂಬ ಪದ ಅಂಟಿಸಿದ ಕನ್ನಡಿಗರೂ ಇನ್ನೊಂದು ಅಮೆರಿಕನ್ ತರಕಾರಿಯನ್ನು ಸೀಮೆಬದನೆ ಎಂದೇ ಕರೆದರು.

ಜಾಹೀರಾತಿನ ಯುವಕನ ಪ್ರಶ್ನೆಗೆ ಉತ್ತರ: ಮೊದಲು ಮೊಟ್ಟೆ. ಮೂರು ಮೊಟ್ಟೆಗಳನ್ನು ಚಿಟಿಕೆ ಉಪ್ಪಿನೊಡನೆ ಕದಡಬೇಕು. ಬಾಣಲೆಯಲ್ಲಿ ಎರಡು ದೊಡ್ಡ ಚಮಚ ಎಣ್ಣೆ ಚೆನ್ನಾಗಿ ಕಾದಾಗ ಸುರಿದು, ಅಂಚು ಉಬ್ಬಿದೊಡನೆ ದೊಡ್ಡ ತುಂಡುಗಳಾಗಿ ಮಗುಚಿ, ಇನ್ನೂ ಮೆದುವಾಗಿರುವಾಗಲೇ ಬಟ್ಟಲಿಗೆ ತೆಗೆದಿಡಬೇಕು. ಮೊಟ್ಟೆಯನ್ನು ಪುಡಿಪುಡಿ ಮಾಡಿದರೆ ಅದು ಭುರ್ಜಿಯಾಗುತ್ತದೆ. ಅದೇ ಬಾಣಲೆಗೆ ಇನ್ನೊಂದು ಚಮಚ ಎಣ್ಣೆ, ಹೋಳು ಮಾಡಿದ ಎರಡು ದೊಡ್ಡ ಟೊಮೆಟೊ, ಸ್ವಲ್ಪ ಉಪ್ಪು. ಎರಡು ಮೂರು ನಿಮಿಷದಲ್ಲಿ ಹಣ್ಣು ಕರಗಿ ರಸ ಬಿಡುತ್ತದೆ. ಆಗ ಒಂದು ಸಣ್ಣ ಚಮಚ ಸಕ್ಕರೆ ಹಾಕಿ, ಮೊಟ್ಟೆಯನ್ನು ಮರಳಿ ಸೇರಿಸಿ, ರಸ ಹೀರುವಂತೆ ಅರ್ಧ ನಿಮಿಷ ಕೈಯಾಡಿಸಿ, ಈರುಳ್ಳಿ ಸೊಪ್ಪು ಉದುರಿಸಿ ಇಳಿಸಬೇಕು. ಸಕ್ಕರೆ ಬೇಕೇ ಬೇಡವೇ ಎಂಬುದರ ಮೇಲೆ ಚೀನೀಯರಲ್ಲಿ ಮುಗಿಯದ ವಾದವಿದೆ. ಹುಳಿ ಮುಂದಾದ ನಾಟಿ ಟೊಮೆಟೊ ಬಳಸುವವರಿಗೆ ಬೇಕೆಂದೇ ಹೇಳಬೇಕು.

ಮೆಣಸಿನಪುಡಿ, ಅರಿಸಿನ, ಕರಿಬೇವು ಯಾವುದೂ ಇಲ್ಲದೆ ಇದಕ್ಕೆ ಇಷ್ಟು ರುಚಿ ಎಲ್ಲಿಂದ ಎಂಬ ಸಂದೇಹ ಸಹಜ. ಮಾಗಿದ ಟೊಮೆಟೊದಲ್ಲಿ ಗ್ಲುಟಮೇಟ್ ಎಂಬ ಅಂಶ ಸಹಜವಾಗಿಯೇ ಹೇರಳವಾಗಿದೆ. 1908ರಲ್ಲಿ ಜಪಾನಿನ ರಸಾಯನವಿಜ್ಞಾನಿ ಕಿಕುನಾಯೆ ಇಕೆಡಾ ಕಡಲಕಳೆಯ ಸಾರಿನಿಂದ ಬೇರ್ಪಡಿಸಿದ ವಸ್ತು ಇದೇ. ಪೇಟೆಯಲ್ಲಿ ಟೇಸ್ಟಿಂಗ್ ಪೌಡರ್ ಎಂದು ಮಾರುವುದು ಅದರ ಲವಣವನ್ನು. ಸೋಯಾ ಸಾಸಿನಲ್ಲಿಯೂ ಅದು ಹುದುಗುವಿಕೆಯಿಂದ ತಾನಾಗಿ ಉಂಟಾಗಿರುತ್ತದೆ. ಹೀಗಾಗಿ ಮನೆಯಲ್ಲಿ ಪುಡಿಯನ್ನು ಬೇರೆಯಾಗಿ ಹಾಕುವ ಪ್ರಮೇಯ ಅಷ್ಟಾಗಿ ಬಾರದು.

ಗರಿಗರಿಯಾದ ಆಲೂಗಡ್ಡೆ

ಕನ್ನಡಿಗರಿಗೆ ಅತ್ಯಂತ ವಿಚಿತ್ರವೆನಿಸಬಹುದಾದ ಖಾದ್ಯ ಆಲೂಗಡ್ಡೆಯದು. ಜಗತ್ತಿನಲ್ಲಿ ಅತಿ ಹೆಚ್ಚು ಆಲೂಗಡ್ಡೆ ಬೆಳೆಯುವ ದೇಶ ಚೀನಾ. 2015ರಲ್ಲಿ ಅಲ್ಲಿನ ಸರ್ಕಾರ ಅದನ್ನು ಅಕ್ಕಿ-ಗೋಧಿಗಳ ಸಾಲಿನ ಪ್ರಧಾನ ಆಹಾರವಾಗಿಸುವ ಯೋಜನೆಯನ್ನೇ ಪ್ರಕಟಿಸಿತು. ಆದರೆ ಜನ ಅದನ್ನು ಇಂದಿಗೂ ಅನ್ನದ ಸಂಗಾತಿಯಾದ ತರಕಾರಿಯಂತೆಯೇ ತಿನ್ನುತ್ತಾರೆ, ಅದೂ ಮೆತ್ತಗೆ ಬೇಯಿಸಿ ಅಲ್ಲ, ಕಚ್ಚಿದರೆ ಸದ್ದು ಬರುವಂತೆ.

ಎರಡು ದೊಡ್ಡ ಗಡ್ಡೆಗಳ ಸಿಪ್ಪೆ ಹೆರೆದು, ತೆಳು ಬಿಲ್ಲೆ ಮಾಡಿ, ಬಿಲ್ಲೆಗಳನ್ನು ಒಂದರ ಮೇಲೊಂದಿಟ್ಟು ಬೆಂಕಿಕಡ್ಡಿಗಿಂತ ದಪ್ಪವಾಗದಂತೆ ಎಳೆಯಾಗಿ ಹೆಚ್ಚಬೇಕು. ನೀರು ತಿಳಿಯಾಗುವವರೆಗೆ ಎರಡು ಮೂರು ಬಾರಿ ತೊಳೆದು ಸಂಪೂರ್ಣ ಬಸಿಯಬೇಕು. ಹೊರಮೈಯ ಪಿಷ್ಟ ಉಳಿದರೆ ಬಾಣಲೆಯಲ್ಲಿ ಅಂಟಂಟಾಗಿ ಮುದ್ದೆಯಾಗುತ್ತದೆ. ಕಾದ ಎಣ್ಣೆಯಲ್ಲಿ ಎರಡು ಒಣಮೆಣಸಿನಕಾಯಿ, ಜಜ್ಜಿದ ಬೆಳ್ಳುಳ್ಳಿ ಬಾಡಿಸಿ, ಆಲೂಗಡ್ಡೆ ಸುರಿದು ಜೋರು ಉರಿಯಲ್ಲಿ ಒಂದು ನಿಮಿಷ ಕೈಯಾಡಿಸಿ, ಒಂದು ದೊಡ್ಡ ಚಮಚ ವಿನಿಗರ್ ಸುತ್ತಲೂ ಹಾಕಬೇಕು. ಇನ್ನೆರಡು ನಿಮಿಷದಲ್ಲಿ ಉಪ್ಪು ಬೆರೆಸಿ ಇಳಿಸಿದರೆ ಮುಗಿಯಿತು. ವಿನಿಗರ್ ಬೇಗ ಬೀಳುವುದಕ್ಕೆ ಕಾರಣವುಂಟು. ತರಕಾರಿಯ ಕೋಶಗಳನ್ನು ಹಿಡಿದಿಡುವ ಪೆಕ್ಟಿನ್ ಹುಳಿಯ ಸಂಪರ್ಕದಲ್ಲಿ ಸುಲಭವಾಗಿ ಕರಗುವುದಿಲ್ಲ. ಅದರಿಂದಲೇ ಎಳೆಗಳು ಬೆಂದರೂ ಬಿಗಿಯಾಗಿರುತ್ತವೆ. ಹುಣಸೆಹುಳಿಯನ್ನು ಮೊದಲೇ ಹಾಕಿದರೆ ಸಾಂಬಾರಿನ ತರಕಾರಿ ಬೇಯದೆಂದು ಹಿರಿಯರು ಎಚ್ಚರಿಸುವುದೂ ಇದೇ ಕಾರಣಕ್ಕೆ. ಅಲ್ಲಿ ದೋಷವಾದದ್ದು ಇಲ್ಲಿ ಗುಣ.

ಸೊಪ್ಪಿನ ಅಡುಗೆಗೆ ಇಷ್ಟು ವಿವರಣೆ ಬೇಡ. ಬೆಳ್ಳುಳ್ಳಿ, ಎಣ್ಣೆ, ಉಪ್ಪು, ಜೋರು ಉರಿ, ಎರಡು ನಿಮಿಷ. ದಂಟು ಮೊದಲು, ಎಲೆ ಆಮೇಲೆ. ಪಾಕ್ ಚೋಯ್ ಎಂಬ ದುಬಾರಿ ಸೊಪ್ಪನ್ನೇ ಹುಡುಕಬೇಕಿಲ್ಲ. ನಮ್ಮ ಹರಿವೆ ಸೊಪ್ಪು ಚೀನಾದ ಬೇಸಿಗೆಯ ಮೆಚ್ಚಿನ ಸೊಪ್ಪೂ ಹೌದು. ಕೆಂಪು ಹರಿವೆಯನ್ನು ಬೆಳ್ಳುಳ್ಳಿಯೊಡನೆ ಹುರಿದಾಗ ಬಿಡುವ ಗುಲಾಬಿ ರಸವನ್ನು ಬಿಳಿ ಅನ್ನಕ್ಕೆ ಬೆರೆಸಿಕೊಳ್ಳುವುದು ಅಲ್ಲಿನ ಮಕ್ಕಳ ಸಂಭ್ರಮ. ಸೊಪ್ಪನ್ನು ತೊಳೆದ ಮೇಲೆ ನೀರು ಪೂರ್ತಿ ಬಸಿದಿರಬೇಕು ಎಂಬುದೊಂದೇ ನಿಯಮ.

ಇಡ್ಲಿ ಪಾತ್ರೆಯಲ್ಲಿ ಮೊಟ್ಟೆ

ಹಬೆಯ ಮೊಟ್ಟೆ ಚಿಕ್ಕ ಮಕ್ಕಳಿಗೂ, ಹಲ್ಲಿಲ್ಲದ ವೃದ್ಧರಿಗೂ, ಕಾಯಿಲೆಯಿಂದ ಎದ್ದವರಿಗೂ ಚೀನೀಯರು ಮಾಡಿಕೊಡುವ ಖಾದ್ಯ. ಕರ್ನಾಟಕದ ಅಡುಗೆಮನೆಗಳಲ್ಲಿ ಇದಕ್ಕೆ ಬೇಕಾದ ಸಲಕರಣೆ ಈಗಾಗಲೇ ಇದೆ: ಇಡ್ಲಿ ಪಾತ್ರೆ. ಎರಡು ಮೊಟ್ಟೆಗೆ ಅದರ ಒಂದೂವರೆಯಿಂದ ಎರಡು ಪಟ್ಟು ಉಗುರುಬೆಚ್ಚಗಿನ ನೀರು, ಚಿಟಿಕೆ ಉಪ್ಪು. ನೊರೆಯೇಳದಂತೆ ಕದಡಿ, ಜರಡಿಯಲ್ಲಿ ಸೋಸಿ, ಅಗಲ ಬಟ್ಟಲಿಗೆ ಹಾಕಿ, ಮೇಲೊಂದು ತಟ್ಟೆ ಮುಚ್ಚಬೇಕು. ಮುಚ್ಚಳದಿಂದ ತೊಟ್ಟಿಕ್ಕುವ ನೀರು ಬಿದ್ದರೆ ಮೈ ಕುಳಿಕುಳಿಯಾಗುತ್ತದೆ. ಸಣ್ಣ ಉರಿಯಲ್ಲಿ ಹತ್ತು ನಿಮಿಷ ಸಾಕು. ಇಡ್ಲಿಗೆ ಕೊಡುವಷ್ಟು ಜೋರು ಹಬೆ ಕೊಟ್ಟರೆ ಮೊಟ್ಟೆ ಬಿರುಸಾಗಿ ತೂತುತೂತಾಗುತ್ತದೆ. ಸರಿಯಾಗಿ ಬಂದದ್ದು ಗಿಣ್ಣಿನಂತೆ ನಡುಗುತ್ತದೆ. ಮೇಲೆ ಒಂದು ಸಣ್ಣ ಚಮಚ ಸೋಯಾ ಸಾಸು, ಎರಡು ಹನಿ ಎಳ್ಳೆಣ್ಣೆ. ಚೀನೀ ಎಳ್ಳೆಣ್ಣೆ ಹುರಿದ ಎಳ್ಳಿನದು. ನಮ್ಮ ಗಾಣದ ಎಣ್ಣೆಗೆ ಆ ಘಮ ಇಲ್ಲ. ಇಲ್ಲದಿದ್ದರೆ ಬಿಟ್ಟುಬಿಡಬಹುದು.

ಕೊಳ್ಳಬೇಕಾದ ಬಾಟಲಿಗಳು ಎಷ್ಟು ಎಂಬ ಪ್ರಶ್ನೆಗೆ ಇಲ್ಲಿ ಉತ್ತರ ದೊರೆಯುತ್ತದೆ. ತಿಳಿಬಣ್ಣದ ಸೋಯಾ ಸಾಸು ಒಂದಿದ್ದರೆ ಆರಂಭಕ್ಕೆ ಸಾಕು. ಕಡುಬಣ್ಣದ್ದು ರುಚಿಗಿಂತ ಬಣ್ಣಕ್ಕೆ, ಮುಖ್ಯವಾಗಿ ಮಾಂಸವನ್ನು ನಿಧಾನವಾಗಿ ಬೇಯಿಸುವಾಗ ಬೇಕಾಗುವಂಥದ್ದು. ಸಾಂಪ್ರದಾಯಿಕ ಸೋಯಾ ಸಾಸು ಸೋಯಾ ಅವರೆ, ಗೋಧಿ, ಉಪ್ಪುನೀರುಗಳನ್ನು ತಿಂಗಳುಗಟ್ಟಲೆ ಹುದುಗಿಸಿ ಮಾಡಿದ್ದು. ಗೋಧಿ ಒಗ್ಗದವರು ಇದನ್ನು ಗಮನಿಸಬೇಕು. ಉಪ್ಪಿನ ಲೆಕ್ಕವನ್ನೂ ಮರೆಯುವಂತಿಲ್ಲ. ಒಂದು ದೊಡ್ಡ ಚಮಚ ಸಾಸಿನಲ್ಲಿ ಸುಮಾರು 900 ಮಿಲಿಗ್ರಾಂ ಸೋಡಿಯಂ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ಹೇಳಿರುವ ದಿನದ ಮಿತಿ 2,000 ಮಿಲಿಗ್ರಾಂ. ರಕ್ತದೊತ್ತಡವಿರುವವರ ಮನೆಯಲ್ಲಿ ಸಾಸು ಹಾಕಿದ ಖಾದ್ಯಕ್ಕೆ ಮತ್ತೆ ಉಪ್ಪು ಹಾಕುವುದು ಬೇಡ. ಟೊಮೆಟೊ-ಮೊಟ್ಟೆ, ಆಲೂಗಡ್ಡೆ, ಸೊಪ್ಪು ಮೂರಕ್ಕೂ ಸಾಸಿನ ಹಂಗೇ ಇಲ್ಲ ಎಂಬುದನ್ನು ಓದುಗರು ಈಗಾಗಲೇ ಗಮನಿಸಿರಬಹುದು.

ಖಾರ ಬೇಕೆನ್ನುವವರಿಗೆ ಸಿಚುವಾನ್ ಪ್ರಾಂತ್ಯವಿದೆ. ಅಲ್ಲಿಯ ರಾಜಧಾನಿ ಛೆಂಗ್‌ದುವಿನಲ್ಲಿ 19ನೇ ಶತಮಾನದಲ್ಲಿ ಹುಟ್ಟಿದ ‘ಮಾಪೊ ತೋಫು’ ಮನೆಗಳಲ್ಲಿಯೂ ಮಾಡುವ ಖಾದ್ಯ. ಸೋಯಾ ಹಾಲಿನ ಪನೀರಿನಂಥ ತೋಫುವನ್ನು ಮೆಣಸಿನಕಾಯಿ-ಅವರೆಗಳ ಹುದುಗಿಸಿದ ಚಟ್ನಿಯಲ್ಲಿ ಕುದಿಸಿ, ನಾಲಗೆ ಜುಮ್ಮೆನ್ನಿಸುವ ಸಿಚುವಾನ್ ಮೆಣಸನ್ನು ಉದುರಿಸುತ್ತಾರೆ. ಈ ಮೆಣಸಿನ ಹತ್ತಿರದ ಸಂಬಂಧಿ ನಮ್ಮ ಕರಾವಳಿಯಲ್ಲೇ ಬೆಳೆಯುತ್ತದೆ. ಕೊಂಕಣಿಗರು ತೆಪ್ಪಳ ಎಂದೂ ಕನ್ನಡಿಗರು ಜುಮ್ಮನಕಾಯಿ ಎಂದೂ ಕರೆದು ಮೀನಿನ ಸಾರಿಗೆ, ಕಾಳಿನ ಹುಳಿಗೆ ಹಾಕುವುದು ಅದೇ ಕುಲದ ಕಾಯಿಯನ್ನು. ಪರಿಮಳ ಒಂದೇ ಅಲ್ಲ. ಜುಮ್ಮೆನ್ನುವಿಕೆ ಮಾತ್ರ ಸೋದರನದೇ.

ಉಳಿದ ಅನ್ನದ ವಿಚಾರ

ಒಂದು ಸಂಜೆಯ ಊಟಕ್ಕೆ ಮೇಲಿನವುಗಳಲ್ಲಿ ಎರಡನ್ನು ಆರಿಸಿಕೊಂಡರೆ ಸಾಕು. ಮೊದಲು ಅನ್ನಕ್ಕಿಟ್ಟು, ಅದು ಬೇಯುವಷ್ಟರಲ್ಲಿ ಹೆಚ್ಚುವುದೆಲ್ಲ ಮುಗಿಸಿ, ಹುರಿಯುವುದನ್ನು ಕೊನೆಯ ಹತ್ತು ನಿಮಿಷಕ್ಕೆ ಇಟ್ಟುಕೊಳ್ಳಬೇಕು. ಸೊಪ್ಪು ಎಲ್ಲಕ್ಕಿಂತ ಕೊನೆಗೆ, ಮನೆಯವರು ಊಟಕ್ಕೆ ಕುಳಿತ ಮೇಲೆ. ಅನ್ನಕ್ಕೆ ಬಾಸ್ಮತಿಗಿಂತ ಸೋನಾ ಮಸೂರಿ ಉತ್ತಮ. ತುಸು ಅಂಟಿಕೊಳ್ಳುವ ಅನ್ನವೇ ಕಡ್ಡಿಗಳಿಗೆ ಸಿಗುವುದು.

ಉಳಿದ ಅನ್ನದಿಂದ ಮಾರನೆಯ ದಿನ ಮೊಟ್ಟೆಯ ಫ್ರೈಡ್ ರೈಸ್ ಮಾಡುವುದು ಚೀನೀ ಮನೆಗಳ ಹಳೆಯ ರೂಢಿ. ತಣಿದ ಅನ್ನ ಉದುರುದುರಾಗಿರುವುದರಿಂದ ಅದೇ ಚೆನ್ನ. ಆದರೆ ರಾತ್ರಿಯೆಲ್ಲ ಅಡುಗೆಮನೆಯ ಕಟ್ಟೆಯ ಮೇಲಿದ್ದ ಅನ್ನವನ್ನು ಇದಕ್ಕೆ ಬಳಸಬಾರದು. ಅಕ್ಕಿಯಲ್ಲಿ ಸಾಮಾನ್ಯವಾಗಿ ಇರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಕುದಿಯುವ ನೀರಿನಲ್ಲಿಯೂ ಸಾಯುವುದಿಲ್ಲ. ಬೆಚ್ಚಗಿನ ಅನ್ನದಲ್ಲಿ ಅವು ಮೊಳೆತು ವಾಂತಿ ತರಿಸುವ ವಿಷವನ್ನು ಉಂಟುಮಾಡುತ್ತವೆ. ಮತ್ತೆ ಎಷ್ಟು ಹುರಿದರೂ ಆ ವಿಷ ನಾಶವಾಗದು. 1970ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಚೀನೀ ಹೋಟೆಲುಗಳ ಫ್ರೈಡ್ ರೈಸ್ ತಿಂದವರು ಅಸ್ವಸ್ಥರಾದಾಗ ವೈದ್ಯಲೋಕ ಇದನ್ನು ಗುರುತಿಸಿತು. ಅನ್ನವನ್ನು ಅಗಲ ತಟ್ಟೆಯಲ್ಲಿ ಹರಡಿ ಬೇಗ ಆರಿಸಿ, ಒಂದು ಗಂಟೆಯೊಳಗೆ ಫ್ರಿಜ್ಜಿನಲ್ಲಿಟ್ಟು, ಮಾರನೆಯ ದಿನವೇ ಮುಗಿಸಬೇಕು.

ಹಾಗೆ ಇಟ್ಟ ಅನ್ನಕ್ಕೆ ಇನ್ನೊಂದು ಬಳಕೆಯೂ ಉಂಟು. ಚೀನೀಯರು ‘ಜೋ’ ಎನ್ನುವ ಬೆಳಗಿನ ತಿಂಡಿ ನಮ್ಮ ಗಂಜಿಯೇ. ಇಂಗ್ಲಿಷರು ಅದನ್ನು ‘ಕಾಂಜಿ’ ಎಂದು ಕರೆಯುವುದು ತಮಿಳಿನ ಕಂಜಿಯಿಂದ, ಪೋರ್ಚುಗೀಸರ ಬಾಯಿಯ ಮೂಲಕ. ಅಕ್ಕಿಯಿಂದಲೇ ಮಾಡುವುದಾದರೆ ಒಂದಕ್ಕೆ ಹತ್ತರಷ್ಟು ನೀರು, ಒಂದು ಗಂಟೆ ಸಣ್ಣ ಉರಿ. ಉಳಿದ ಅನ್ನವಾದರೆ ನಾಲ್ಕರಷ್ಟು ನೀರು, ಎರಡು ಬಿಲ್ಲೆ ಶುಂಠಿ, ಇಪ್ಪತ್ತು ನಿಮಿಷ. ಅಲ್ಲಿ ಜೊತೆಗೆ ಉಪ್ಪಿನಲ್ಲಿ ಊರಿಸಿದ ಸಾಸಿವೆ ಸೊಪ್ಪು ಅಥವಾ ಬಾತುಕೋಳಿಯ ಉಪ್ಪುಮೊಟ್ಟೆ ಇರುತ್ತದೆ. ಇಲ್ಲಿ ಎಣ್ಣೆ ಕಡಿಮೆಯಿರುವ ಮಿಡಿ ಉಪ್ಪಿನಕಾಯಿ ಆ ಜಾಗಕ್ಕೆ ಸಲ್ಲುತ್ತದೆ.